ಅಜ್ಜಿ ಹಲ್ಲಿಯಲ್ಲಿ ಇದ್ದಾಳಂತೆ!

ಡಲ್ಲಾಸ್‌ಗೆ ಬಂದ ಮೇಲೆ ರಾತ್ರಿ ಮಗಳ ಜೊತೆ ಒಂದು ಕನ್ನಡ ಕಥೆ ಓದುವುದು ರೂಢಿಯಾಗಿದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕಥೆಗಳು ಪುಕ್ಕಟೆ ಸಿಗುತ್ತವೆ. ನಿನ್ನೆ ‘ಅಜ್ಜಿ ಹಳ್ಳಿಯಲ್ಲಿ ಇದ್ದಾಳೆ’ ಅನ್ನೋದನ್ನ ‘ಹಲ್ಲಿಯಲ್ಲಿ’ ಅಂತ ಓದಿದಳು. ನಕ್ಕೂ ನಕ್ಕೂ ಸಾಕಾಯ್ತು. ಪಾಪ, ಇಂಗ್ಲಿಷಿನಲ್ಲಿ ಳ ಇಲ್ಲವೇ ಇಲ್ಲ, ಅಲ್ವಾ? ನಾಲಿಗೆ ಮೇಲಕ್ಕೆ ಮಡಚಿ ತೋರಿಸಿದೆ. ಕನ್ನಡಿ ಮುಂದೆ ನಿಂತು ಹತ್ತು ಸಲ ‘ಹಳ್ಳಿ’ ಅಂದಳು. ಸುಮ್ನೆ ಆ್ಯಪ್ ಕೈಗೆ ಕೊಟ್ಟು ಕೂರಿಸಿದ್ದರೆ ಇದೆಲ್ಲ ಎಲ್ಲಿ ಸಿಗುತ್ತಿತ್ತು ಅನಿಸಿತು.

ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದೆ. “ಬಿಡೇ, ಹಲ್ಲಿ ಹೊಟ್ಟೆಯಿಂದ್ಲೇ ಮಾತಾಡ್ತಿದ್ದೀನಿ” ಅಂದರು.

ಇವತ್ತು ಊಟಕ್ಕೆ ಕೂತಾಗ ಮಗಳ ಪ್ರಶ್ನೆ, ಕನ್ನಡದಲ್ಲೇ: “ಅಮ್ಮಾ, ಹಲ್ಲಿ ಏನು ತಿನ್ನುತ್ತೆ?”