ವ್ಯಾಂಕೂವರ್‌ನ ಟ್ರೆಕ್ಕಿಂಗ್ ಅಂಗಡಿಯಲ್ಲಿ ಪಾರ್ಟ್ ಟೈಮ್

ಕೆನಡಾಕ್ಕೆ ಓದಲು ಬಂದವರು ಕಾಲೇಜು ನಡೆಯುವಾಗ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. 2024ರ ನವೆಂಬರ್‌ನಿಂದ ಇದೇ ನಿಯಮ. ನಮ್ಮವರು ಹೆಚ್ಚಾಗಿ ಕಾಫಿ ಅಂಗಡಿ, ಪೆಟ್ರೋಲ್ ಬಂಕ್, ದಿನಸಿ ಅಂಗಡಿ ಸೇರುತ್ತಾರೆ. ನನಗೆ ಸಿಕ್ಕಿದ್ದು ಬೆಟ್ಟ ಹತ್ತುವವರಿಗೆ ಬೂಟು, ಜಾಕೆಟ್, ಟೆಂಟ್ ಮಾರುವ ಅಂಗಡಿ. ತೀರ್ಥಹಳ್ಳಿಯಿಂದ ಫೋನ್ ಮಾಡಿದವರೆಲ್ಲ "ಅಲ್ಲಿ ನಿಂಗೇನು ಕೆಲಸ?" ಅಂತ ಕೇಳ್ತಾರೆ. ಒಂದ್ಸಲ ಕೂತು ಬರೆದೇ ಬಿಡೋಣ ಅನ್ನಿಸಿತು.

ವ್ಯಾಂಕೂವರ್‌ನಲ್ಲಿ ಉತ್ತರಕ್ಕೆ ತಿರುಗಿದರೆ ಬೆಟ್ಟದ ಸಾಲು. ಸಿಟಿ ಬಸ್ಸಿನಲ್ಲೇ ಗ್ರೌಸ್ ಬೆಟ್ಟದ ಬುಡಕ್ಕೆ ಹೋಗಬಹುದು. ಅಲ್ಲಿಂದ ಗ್ರೌಸ್ ಗ್ರೈಂಡ್ ಎಂಬ ದಾರಿ ಸುಮಾರು 800 ಮೀಟರ್ ಒಂದೇ ಸಮನೆ ಏರುತ್ತದೆ. ಆಫೀಸು ಮುಗಿಸಿ ಹತ್ತಲು ಹೊರಡುವವರು ಎಷ್ಟೋ ಜನ. ಹಾಗಾಗಿ ನಮ್ಮ ಅಂಗಡಿಗೆ ಎಲ್ಲ ಥರದವರೂ ಬರುತ್ತಾರೆ. 1971ರಲ್ಲಿ ಇದೇ ಊರಿನ ಕೆಲವು ವಿದ್ಯಾರ್ಥಿಗಳು ಸೇರಿ ಬೆಟ್ಟ ಹತ್ತುವವರಿಗೆ ಸಾಮಾನು ಮಾರುವ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್ ಎಂಬ ಸಹಕಾರ ಸಂಘ ಕಟ್ಟಿದ್ದರು. 5 ಡಾಲರ್ ಕೊಟ್ಟರೆ ಸದಸ್ಯತ್ವ. 2020ರಲ್ಲಿ ಅದು ಖಾಸಗಿ ಕಂಪನಿಯ ಕೈಸೇರಿತು. ವಯಸ್ಸಾದ ಗಿರಾಕಿಗಳು ಇವತ್ತಿಗೂ ಬೇಜಾರಿನಿಂದ ಆ ಮಾತು ತೆಗೆಯುತ್ತಾರೆ. ಹಾಲಿನ ಸೊಸೈಟಿ ಇರುವ ಊರಿಂದ ಬಂದ ನನಗೆ ಆ ಬೇಜಾರು ಅರ್ಥವಾಗುತ್ತದೆ.

ನಾನು ಇರುವುದು ಬೂಟಿನ ವಿಭಾಗದಲ್ಲಿ. ಗಿರಾಕಿ ಬಂದು ಕೂತರೆ ಮೊದಲು ಎಲ್ಲಿಗೆ ಹೋಗ್ತೀರಿ, ಎಷ್ಟು ದಿನ, ಬೆನ್ನ ಮೇಲೆ ಎಷ್ಟು ಭಾರ ಅಂತ ಕೇಳಬೇಕು. ಬ್ರ್ಯಾಂಡು, ಬಣ್ಣ ಎಲ್ಲ ಆಮೇಲೆ. ಲೋಹದ ಅಳತೆಪಟ್ಟಿಯ ಮೇಲೆ ನಿಲ್ಲಿಸಿ ಎರಡೂ ಪಾದ ಅಳೆಯುತ್ತೇನೆ. ಬಹಳ ಜನರಿಗೆ ಎರಡು ಪಾದವೂ ಒಂದೇ ಅಳತೆ ಇರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದುವ ಬೂಟನ್ನೇ ಕೊಡಬೇಕು. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿಸಿ, ಬುಡದಿಂದ ಲೇಸು ಎಳೆದು ಕಟ್ಟಿ, ಅಂಗಡಿಯಲ್ಲೇ ಇರುವ ಮರದ ಇಳಿಜಾರಿನ ಮೇಲೆ ಇಳಿಸುತ್ತೇವೆ. ಇಳಿಯುವಾಗ ಹೆಬ್ಬೆರಳು ಮುಂದೆ ತಾಗಿತೋ, ಆ ಬೂಟು ವಾಪಸ್ ಡಬ್ಬಿಗೆ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗಲೇ ಉಗುರು ಕಪ್ಪಾಗಿ ಕಿತ್ತುಬರುವುದು.

ಅಮ್ಮನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲ ಕಣೋ, ಅಷ್ಟು ಓದಿ ಕಂಡವರ ಕಾಲಿಗೆ ಬೂಟು ಹಾಕಿಸ್ತೀಯಾ?" ಅಂದರು. ನಮ್ಮ ಕಡೆ ಇನ್ನೊಬ್ಬರ ಕಾಲಿನ ಹತ್ತಿರ ಮಂಡಿಯೂರುವುದಕ್ಕೆ ಏನೇನೋ ಅರ್ಥ ಇದೆ, ಅಲ್ವಾ? ನನಗೂ ಮೊದಮೊದಲು ಮುಜುಗರ ಆಗುತ್ತಿತ್ತು. ಆದರೆ ಇಲ್ಲಿ ಎದುರಿಗೆ ಕೂತವರು ಅದನ್ನು ಹಾಗೆ ನೋಡುವುದೇ ಇಲ್ಲ. ಮಂಡಿ ಆಪರೇಷನ್ ಆಗಿದ್ದ ಒಬ್ಬ ಅಜ್ಜಿ, ಮತ್ತೆ ಬೆಟ್ಟಕ್ಕೆ ಹೋಗಬೇಕೆಂದು ಬಂದಿದ್ದರು. ಒಂದೊಂದೇ ಜೊತೆ ಹಾಕಿ, ಬಿಚ್ಚಿ, ಕೊನೆಗೆ ಒಂದು ಅಗಲದ ಬೂಟು ಹೊಂದಿತು. ಇಳಿಜಾರಿನ ಕಂಬಿ ಹಿಡಿಯದೆ ಕೆಳಗಿಳಿದು, "ನೋವಿಲ್ಲ" ಅಂತ ನನ್ನ ಕೈ ಒತ್ತಿದರು. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೇ ಕೆಲಸ ಮಾಡಿದೆ ಬಿಡು" ಅಂದರು.

ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆಯೋ ಮಳೆ. ಮಲೆನಾಡಿನ ಹಾಗೆ ಧೋ ಅಂತ ಸುರಿಯುವುದು ಕಡಿಮೆ. ಜಿನುಗುತ್ತಲೇ ಇರುತ್ತದೆ, ಜೊತೆಗೆ ಚಳಿ. ಭಾರತದಿಂದ ಹೊಸದಾಗಿ ಬಂದ ಹುಡುಗರು ಜೀನ್ಸ್ ಮತ್ತು ಹತ್ತಿ ಟೀಶರ್ಟಿನಲ್ಲಿ ಬೆಟ್ಟಕ್ಕೆ ಹೊರಟಾಗ ನಾನು ಬಿಡುವುದೇ ಇಲ್ಲ. ಹತ್ತಿ ನೆನೆದರೆ ಬೇಗ ಒಣಗದು, ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. ನಮ್ಮ ಅಜ್ಜ ಆಷಾಢದಲ್ಲಿ ಕಂಬಳಿಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದದ್ದು ಇದೇ ಕಾರಣಕ್ಕೆ. ಈಗ ಅದೇ ಉಣ್ಣೆ ಮೆರಿನೋ ಅನ್ನೋ ಹೆಸರಲ್ಲಿ, ತೆಳುವಾದ ಬನಿಯನ್ ಆಗಿ, ನೂರು ಡಾಲರಿನ ಚೀಟಿ ಹೊತ್ತು ನಮ್ಮ ಅಂಗಡಿಯಲ್ಲಿ ನೇತಾಡುತ್ತಿದೆ. ಕಂಬಳಿ ನೇಯ್ದವರ ತಿಳುವಳಿಕೆಯ ಬಗ್ಗೆ ನನಗೆ ಗೌರವ ಹೆಚ್ಚಾಗಿದ್ದು ಇಲ್ಲಿಗೆ ಬಂದ ಮೇಲೆಯೇ.

ಮಾರದೇ ಕಳಿಸುವುದೂ ಉಂಟು. ಮಳೆ ಜಾಕೆಟ್ ಸೋರುತ್ತಿದೆ, ಹೊಸದು ಬೇಕು ಅಂತ ಬರುತ್ತಾರೆ. ಬಹಳ ಸಲ ಬಟ್ಟೆ ಹಾಳಾಗಿರುವುದಿಲ್ಲ. ಕೊಳೆ ಮೆತ್ತಿಕೊಂಡು ನೀರು ತಡೆಯುವ ಲೇಪ ಕೆಲಸ ಮಾಡದೆ, ಹೊರಪದರ ನೀರು ಹೀರುತ್ತಿರುತ್ತದೆ, ಅಷ್ಟೆ. ಒಗೆದು, ಡ್ರೈಯರ್‌ನಲ್ಲಿ ಸಣ್ಣ ಬಿಸಿಗೆ ಹಾಕಿದರೆ ನೀರು ಮತ್ತೆ ಹನಿಹನಿಯಾಗಿ ಜಾರುತ್ತದೆ. ಮೊದಲು ಅದನ್ನು ಮಾಡಿ ನೋಡಿ ಅಂತ ಹೇಳುತ್ತೇನೆ. ನಮಗೆ ಕಮಿಷನ್ ಇಲ್ಲ, ಗಂಟೆ ಲೆಕ್ಕದ ಸಂಬಳ. ಹಾಗಾಗಿ ನಿಜ ಹೇಳಲು ಅಡ್ಡಿಯಿಲ್ಲ. ಇನ್ನು ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಹೊರಡುತ್ತೇವೆ ಅನ್ನುವವರಿಗೆ ತಲೆಗೆ ಕಟ್ಟುವ ಟಾರ್ಚ್ ಇದೆಯಾ ಅಂತ ಕೇಳದೆ ಬಿಡುವುದಿಲ್ಲ. ಕತ್ತಲಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವವರು ನಾರ್ತ್ ಶೋರ್ ರೆಸ್ಕ್ಯೂ ತಂಡದವರು. 1965ರಿಂದ ಇರುವ ತಂಡ, ಎಲ್ಲರೂ ಸ್ವಯಂಸೇವಕರು. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅವರನ್ನು ನೆನೆದರೆ ಟಾರ್ಚಿನ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಕಷ್ಟ ಇಲ್ಲ ಅಂತಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಕನಿಷ್ಠ ಕೂಲಿ 2025ರ ಜೂನ್‌ನಲ್ಲಿ ಗಂಟೆಗೆ 17.85 ಡಾಲರ್ ಆಯಿತು. ಈ ಊರಿನ ಬಾಡಿಗೆಯ ಮುಂದೆ ಅದು ಸಾಲದು. ಕ್ರಿಸ್‌ಮಸ್ ಮರುದಿನದ ಸೇಲ್ ಮುಗಿಯುವವರೆಗೆ ಬಿಡುವಿಲ್ಲದ ಕೆಲಸ, ಜನವರಿ ಬಂತೆಂದರೆ ಶಿಫ್ಟೇ ಸಿಗುವುದಿಲ್ಲ. ಇದನ್ನೇ ನಂಬಿ ಫೀಸು ಕಟ್ಟುತ್ತೇನೆ ಅಂತ ಯಾರೂ ಇಲ್ಲಿಗೆ ವಿಮಾನ ಹತ್ತಬೇಡಿ.

ಊರಿನ ಗೆಳೆಯರು "ಹಿಮಾಲಯಕ್ಕೆ ಹೋಗ್ತಿದೀವಿ, ಅಲ್ಲಿಂದ ಒಂದು ಜೊತೆ ಬೂಟು ತಂದುಕೊಡು" ಅಂತ ಕೇಳುತ್ತಿರುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನುತ್ತೇನೆ. ನಿಮ್ಮ ಪಾದ ಅಲ್ಲಿದೆ, ಬೂಟನ್ನೂ ಅಲ್ಲೇ ಕೊಳ್ಳಿ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಟ್ರೆಕ್‌ಗೆ ಹಾಕುವ ದಪ್ಪ ಸಾಕ್ಸನ್ನೇ ಜೊತೆಗೆ ಒಯ್ಯಿರಿ. ಮೆಟ್ಟಿಲಿದ್ದರೆ ಇಳಿದು ನೋಡಿ. ಟ್ರೆಕ್‌ಗೆ ಹೊರಡುವ ತಿಂಗಳಿಗೂ ಮೊದಲೇ ಹಾಕಿ ಓಡಾಡಿ, ಸಾಧ್ಯವಾದರೆ ಕುಮಾರಪರ್ವತವನ್ನೋ ಕುದುರೆಮುಖವನ್ನೋ ಒಮ್ಮೆ ಹತ್ತಿಳಿಯಿರಿ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ. ಏನಾದರೂ ಅನುಮಾನ ಇದ್ದರೆ ಪಾದದ ಫೋಟೋ ಕಳಿಸಿ, ಶಿಫ್ಟ್ ಮುಗಿಸಿ ಫೋನ್ ಮಾಡ್ತೀನಿ.