ಪಂಚಮಿ ದಿನ ಅಪ್ಪನ ಡ್ರೆಸ್ಸಿಂಗ್

ನಾವು ಮುಧೋಳ ಕಡೆಯವರು. ಅಪ್ಪನಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಯ್ತು, ಕರೆಂಟ್ (ರೇಡಿಯೇಷನ್) ಕೊಡಿಸಿದ್ದಾಯ್ತು, ಆದರೂ ಗಡ್ಡೆ ತಿರುಗಿ ಬಂತು. ಈ ಸಲ ಎಡಗಲ್ಲದ ಚರ್ಮ ಒಡೆದು ಹೊರಗೇ ಬಂತು. ಇದು ಇನ್ನು ಮಾಯುವ ಗಾಯ ಅಲ್ಲ, ಮನೆಯಲ್ಲೇ ದಿನಾ ಡ್ರೆಸ್ಸಿಂಗ್ ಮಾಡಿ ಅಂದರು ಆಸ್ಪತ್ರೆಯವರು. ಹೇಗೆ ಅಂತ ಯಾರೂ ತೋರಿಸಲಿಲ್ಲ. ಚೀಟಿಯಲ್ಲಿ ಒಂದು ಸಾಲು ಬರೆದು ಕಳಿಸಿದರು, ಅಷ್ಟೇ.

ನೋವಿಗೆ ನಾವು ತಯಾರಾಗಿದ್ದೆವು. ವಾಸನೆಗೆ ತಯಾರಾಗಿರಲಿಲ್ಲ. ಊದಿನಕಡ್ಡಿ ಹಚ್ಚಿದೆವು, ಫಿನೈಲ್ ಹಾಕಿ ನೆಲ ಒರೆಸಿದೆವು, ಅವೆಲ್ಲ ಸೇರಿ ಇನ್ನೊಂದು ಹೊಸ ವಾಸನೆ ಆಯ್ತೇ ಹೊರತು ಹಳೆಯದು ಹೋಗಲಿಲ್ಲ. ಅಪ್ಪ ತಾವಾಗಿಯೇ ಪಡಸಾಲೆಯಿಂದ ಹಿತ್ತಿಲ ಕೋಣೆಗೆ ಹಾಸಿಗೆ ಸಾಗಿಸಿಕೊಂಡರು. ಆ ಕೋಣೆಯ ಆಚೆಗೇ ದನದ ಕೊಟ್ಟಿಗೆ. ಮಳೆಗಾಲ. ನೊಣಕ್ಕೇನು ಬರ, ಅಲ್ವಾ?

ಪಂಚಮಿಗೆ ಜಮಖಂಡಿಯಿಂದ ಅಕ್ಕ ಬಂದಿದ್ದಳು. ಶೇಂಗಾ ಉಂಡಿ, ತಂಬಿಟ್ಟು, ಅಳ್ಳು ಎಲ್ಲ ಹಿಂದಿನ ದಿನವೇ ಮಾಡಿಟ್ಟಿದ್ದರು. ಅಪ್ಪ ಮಾತ್ರ ಇಡೀ ರಾತ್ರಿ ನಿದ್ದೆ ಮಾಡಿರಲಿಲ್ಲ. ಮಾತು ಸರಿಯಾಗಿ ಬರೋದಿಲ್ಲ, ಗಲ್ಲದ ಹತ್ತಿರ ಬೆರಳು ಆಡಿಸಿ ಆಡಿಸಿ ತೋರಿಸುತ್ತಿದ್ದರು. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಗಾಯದ ಅಂಚಿನಲ್ಲಿ ಬೆಳ್ಳಗೆ ಏನೋ ಹೊರಳಿತು. ಅಕ್ಕ ಬಗ್ಗಿ ನೋಡಿ, "ಹುಳಾ ಬಿದ್ದಾವೋ" ಅಂದಳು. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಗೇ ಬಂದು ನೋಡುವ ಒಬ್ಬ ನರ್ಸಮ್ಮನ ನಂಬರ್ ಪರಿಚಯದವರು ಯಾವಾಗಲೋ ಕೊಟ್ಟಿದ್ದರು. ಹಬ್ಬದ ದಿನ ಬರೋದು ಅನುಮಾನ ಅಂದುಕೊಂಡೇ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಸ್ಕೂಟಿಯಲ್ಲಿ ಬಂದೇಬಿಟ್ಟರು. ಮೂಗು ಮುಚ್ಚಿಕೊಳ್ಳಲಿಲ್ಲ. ಮೊದಲು ಅಪ್ಪನ ಹತ್ತಿರ ಕೂತು, "ನೋವಿನ ಗುಳಿಗೆ ತಗೊಂಡೀರೇನ್ರಿ?" ಅಂತ ಕೇಳಿದರು. ಇಲ್ಲ ಅಂದಾಗ ಮಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಮೂಗಿನ ನಳಿಕೆಯಲ್ಲಿ ಕೊಡಿಸಿ, ಅರ್ಧ ಗಂಟೆ ಸುಮ್ನೆ ಕಾದರು. ಡ್ರೆಸ್ಸಿಂಗ್‌ಗೆ ಮೊದಲು ಇಷ್ಟು ಕಾಯಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ಬಾಯೊಳಗೆ ಏನೂ ಇಳಿಯದ ಹಾಗೆ ಗಾಜ್ ಬಟ್ಟೆ ಒತ್ತಿಟ್ಟರು. ಇನ್ನೊಂದು ಗಾಜ್ ತುಂಡನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಗಾಯದ ಬಾಯಿಗೆ ಹಿಡಿದರು. ಔಷಧಿ ಅಂಗಡಿಯ ಟರ್ಪೆಂಟೈನ್, ಪೇಂಟ್ ಅಂಗಡಿಯದಲ್ಲ. ಸ್ವಲ್ಪ ಹೊತ್ತಿಗೆ ಹುಳಗಳು ಒಂದೊಂದಾಗಿ ಮೇಲೆ ಬಂದವು. ಚಿಮಟದಿಂದ ಹೆಕ್ಕಿ ಹೆಕ್ಕಿ ಬಟ್ಟಲಿಗೆ ಹಾಕಿದರು. ಅಕ್ಕ ಟಾರ್ಚ್ ಹಿಡಿದಿದ್ದಳು, ಕೈ ಒಂಚೂರೂ ನಡುಗಲಿಲ್ಲ. ನಡುವೆ ರಕ್ತ ಜಿನುಗಿತು. "ತೆಗೆದು ತೆಗೆದು ನೋಡಬ್ಯಾಡ್ರಿ, ಹತ್ತು ನಿಮಿಷ ಒತ್ತಿ ಹಿಡೀರಿ" ಅಂದರು. ನಿಂತಿತು. ಹತ್ತಿರ ಯಾವಾಗಲೂ ಒಂದು ಗಾಢ ಬಣ್ಣದ ಟವೆಲ್ ಇರಲಿ, ರಕ್ತ ಎದ್ದು ಕಾಣದಿದ್ದರೆ ಹೆದರಿಕೆ ಅರ್ಧ ಕಡಿಮೆ ಅಂತಲೂ ಹೇಳಿದರು.

ಉಳಿದದ್ದೆಲ್ಲ ಅಡುಗೆಮನೆ ಕೆಲಸದಂಥದ್ದು. ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ ಕುದಿಸಿ ಆರಿಸಬೇಕು. ಅಂಟಿಕೊಂಡ ಬಟ್ಟೆಯನ್ನು ಆ ನೀರಲ್ಲಿ ನೆನೆಸಿಯೇ ಬಿಡಿಸಬೇಕು, ಜಗ್ಗಬಾರದು. ಅಪ್ಪನ ಹಳೇ ಹತ್ತಿ ಧೋತರ ಒಗೆದು ತುಂಡು ಮಾಡಿ ಕುಕ್ಕರ್‌ನಲ್ಲಿ ಉಗಿ ಕೊಟ್ಟರೆ ಸಾಕು, ದುಬಾರಿ ಗಾಜ್ ಬೇಕಿಲ್ಲ. ಹಗಲೂ ಸೊಳ್ಳೆ ಪರದೆ ಕಟ್ಟಬೇಕು. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಬೇಕು. ಗಡ್ಡೆಯ ಸತ್ತ ಭಾಗಕ್ಕೆ ರಕ್ತ ಹೋಗಲ್ಲ, ಅಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಅವುಗಳದ್ದು. ಭೇದಿಗೆ ಕೊಡುವ ಅದೇ ಅಗ್ಗದ ಮಾತ್ರೆ ಅವನ್ನು ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಕೋಣೆಯೊಳಗೆ ಕೂತು ಚಹಾ ಕುಡಿಯುವ ಹಾಗಾಯ್ತು. ಅಷ್ಟು ದುಡ್ಡಿನ ಸ್ಕ್ಯಾನ್ ಬರೆದವರಿಗೆ ಇದೊಂದು ಮಾತ್ರೆ ಬರೆಯೋಕೆ ಏನು ಕಷ್ಟ ಇತ್ತು? ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಸಂಜೆಯೂ ಅಪ್ಪನನ್ನು ಮಾತಾಡಿಸಲು ಜನ ಬಂದರು. ನಮ್ಮ ಕಡೆ ಹಬ್ಬ ಅಂದರೆ ಅದೂ ಇದ್ದದ್ದೇ. ಸಂಬಂಧಿಕರೊಬ್ಬರು ಬಾಗಿಲಲ್ಲೇ ನಿಂತು, ಮೂಗಿಗೆ ಟವೆಲ್ ಹಿಡಿದು, "ಗುಟ್ಕಾ ತಿಂತಿದ್ದನೇನು?" ಅಂತ ಅಪ್ಪನ ಎದುರಿಗೇ ಕೇಳಿದರು. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಗಿದೆ. ಅಪ್ಪ ಅದನ್ನು ಮುಟ್ಟಿದವರೂ ಅಲ್ಲ, ತಂಬಾಕಿಗೆ ಸುಣ್ಣ ತಿಕ್ಕಿ ಗಲ್ಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೇಳಿದವರ ಕಿಸೆಯಲ್ಲೂ ಅದೇ ತಂಬಾಕಿನ ಚೀಲ ಇತ್ತು.

ಅಕ್ಕ ಉಂಡಿ ತಟ್ಟೆ ಕೆಳಗಿಟ್ಟು, "ಕಾಕಾ, ಮೂಗು ಮುಚ್ಚಿಕೊಂಡು ಬರೂದಿದ್ರ ಬರಬ್ಯಾಡ್ರಿ" ಅಂದೇಬಿಟ್ಟಳು. ಅವರು ಆಮೇಲೆ ಬಂದಿಲ್ಲ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಅಂತ ಅವ್ವ ಈಗಲೂ ಬೈಯುತ್ತಾಳೆ. ಅಪ್ಪನನ್ನು ಕೇಳಿದರೆ ಅಕ್ಕನ ಕಡೆ ಕೈ ತೋರಿಸಿ, ಅವಳೇ ಸರಿ ಅಂತ ತಲೆ ಆಡಿಸುತ್ತಾರೆ.