ಬರ್ಲಿನ್ನಿನ ಗಾಜುಫಲಕಗಳಲ್ಲಿ ಜರಾಯುವಿನ ಜಾಡು

ಬರ್ಲಿನ್ನಿನ ನಿಸರ್ಗ ವಸ್ತುಸಂಗ್ರಹಾಲಯಕ್ಕೆ ಹೋದವರು 13 ಮೀಟರಿಗೂ ಎತ್ತರದ ಡೈನೋಸಾರ್ ಅಸ್ಥಿಪಂಜರವನ್ನು ಕತ್ತೆತ್ತಿ ನೋಡದೆ ಮುಂದೆ ಹೋಗುವುದಿಲ್ಲ. ನಾವೂ ನೋಡಿದೆವು, ಆದರೆ ಬಂದ ಕೆಲಸ ಅಂಗೈಯಲ್ಲಿ ಹಿಡಿಯುವ ಗಾಜುಫಲಕಗಳದ್ದು: ಬಸಿರಿನಲ್ಲಿ ಭ್ರೂಣವನ್ನು ತಾಯಿಗೆ ಬೆಸೆಯುವ ಜರಾಯುವಿನ, ಅಂದರೆ ಮಾಸಿನ, ತೆಳು ಸೀಳುಗಳನ್ನು ಅಂಟಿಸಿದ ಫಲಕಗಳು. ಡಚ್ ಪ್ರಾಣಿವಿಜ್ಞಾನಿ ಹ್ಯೂಬ್ರೆಕ್ಟ್ (1853–1915) ಕಟ್ಟಿದ ಭ್ರೂಣಸಂಗ್ರಹ ಉಟ್ರೆಕ್ಟ್‌ನಿಂದ ಬಂದು ಈಗ ಇಲ್ಲಿದೆ. ಭ್ರೂಣದ ಹೊರಗಿನ ಕೋಶಪದರಕ್ಕೆ ಟ್ರೋಫೋಬ್ಲಾಸ್ಟ್ ಎಂದು 1889ರಲ್ಲಿ ಹೆಸರಿಟ್ಟವರೂ ಅವರೇ.

ಮೊದಲು ಸೂಕ್ಷ್ಮದರ್ಶಕದಡಿ ಇಟ್ಟದ್ದು ನಮ್ಮ ಕಾಡುಪಾಪದ ಬಂಧುವಾದ ಸ್ಲೋ ಲೋರಿಸ್‌ನ ಗರ್ಭಕೋಶದ ಸೀಳು. ಗರ್ಭಕೋಶದ ಒಳಪೊರೆ ಎಲ್ಲಿಯೂ ಹರಿದಿಲ್ಲ. ಭ್ರೂಣದ ಪದರ ಅದಕ್ಕೆ ಒತ್ತಿಕೊಂಡಿದೆಯಷ್ಟೆ. ಮಡಗಾಸ್ಕರ್‌ನ ಲೀಮರ್‌ಗಳಲ್ಲಿಯೂ ಹೀಗೆಯೇ. ನಂತರ ಬಂದ, ಆಗ್ನೇಯ ಏಷ್ಯಾದ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಟಾರ್ಸಿಯರ್‌ನ ಫಲಕದ ಮುಂದೆ ಬಹಳ ಹೊತ್ತು ಕುಳಿತೆ. ಇಲ್ಲಿ ಜರಾಯು ಬಿಲ್ಲೆಯಾಕಾರದ್ದು. ಒಳಪೊರೆಯನ್ನು ಭೇದಿಸಿದ ಟ್ರೋಫೋಬ್ಲಾಸ್ಟ್ ನೇರವಾಗಿ ತಾಯಿಯ ರಕ್ತದಲ್ಲಿ ಅದ್ದಿಕೊಂಡಿದೆ. ಯಾವ ರಕ್ತ ಯಾರದೆಂದು ತಿಳಿಯಲು ಒಂದು ಸುಲಭದ ಗುರುತಿದೆ: ಎಳೆಯ ಭ್ರೂಣದ ಕೆಂಪು ರಕ್ತಕಣದ ನಡುವೆ ಕೋಶಕೇಂದ್ರದ ಗಾಢ ಚುಕ್ಕೆ ಕಾಣುತ್ತದೆ, ತಾಯಿಯ ಕಣದಲ್ಲಿ ಅದಿರುವುದಿಲ್ಲ. ಲೀಮರ್‌ಗಳ ಸಾಲಿನಲ್ಲಿ ಕೂರಿಸಲಾಗಿದ್ದ ಟಾರ್ಸಿಯರ್ ವಾಸ್ತವವಾಗಿ ಕೋತಿಗಳ ಹಾಗೂ ಮನುಷ್ಯರ ಕಡೆಯದೆಂದು ಹ್ಯೂಬ್ರೆಕ್ಟ್ ವಾದಿಸಿದ್ದು ಇಂಥ ಸೀಳುಗಳ ಬಲದಿಂದಲೇ. ವಂಶವಾಹಿಗಳ ಅಧ್ಯಯನ ಆ ಮಾತನ್ನು ಎತ್ತಿಹಿಡಿದಿದೆ.

ಹಾಗಾದರೆ ಮನುಷ್ಯರ ಮಾಸು ಕೋತಿಯದಕ್ಕಿಂತ ಬೇರೆಯಾಗುವುದು ಎಲ್ಲಿ? ಆಕಾರದಲ್ಲಿ ಒಂದಿಷ್ಟು ವ್ಯತ್ಯಾಸವುಂಟು: ರೀಸಸ್ ಕೋತಿಯಲ್ಲಿ ಸಾಮಾನ್ಯವಾಗಿ ಎರಡು ಬಿಲ್ಲೆಗಳು, ನಮ್ಮಲ್ಲಿ ಒಂದೇ. ನನ್ನ ಮಟ್ಟಿಗೆ ಅದು ಮುಖ್ಯವಲ್ಲ, ಏಕೆಂದರೆ ಬಬೂನ್‌ನಲ್ಲಿಯೂ ಒಂದೇ ಇದೆ. ಆಳವೇ ಮುಖ್ಯ. ರೀಸಸ್ ಭ್ರೂಣ ಗರ್ಭಕೋಶದ ಮೇಲ್ಮೈಗೆ ಅಂಟಿ ಬೆಳೆದರೆ, ಮನುಷ್ಯ ಭ್ರೂಣ ಪೂರ್ತಿಯಾಗಿ ಒಳಪೊರೆಯೊಳಗೆ ಹೂತುಕೊಳ್ಳುತ್ತದೆ. ಟ್ರೋಫೋಬ್ಲಾಸ್ಟ್ ಕೋಶಗಳು ಅಲ್ಲಿಗೂ ನಿಲ್ಲದೆ, ಒಳಪೊರೆಗೆ ರಕ್ತ ತರುವ ಸುರುಳಿ ಅಪಧಮನಿಗಳ ಒಳಗಿನಿಂದಲೂ ಸುತ್ತಲ ಅಂಗಾಂಶದ ಮೂಲಕವೂ ಸಾಗಿ, ಗರ್ಭಕೋಶದ ಸ್ನಾಯುಪದರದ ಒಳ ಮೂರನೇ ಒಂದು ಭಾಗದವರೆಗೆ ತಲುಪಿ, ಆ ನಾಳಗಳ ಸ್ನಾಯುಗೋಡೆಯನ್ನು ಕರಗಿಸಿ ಅವುಗಳನ್ನು ಅಗಲಗೊಳಿಸುತ್ತವೆ. ಚಿಂಪಾಂಜಿ ಮತ್ತು ಗೊರಿಲ್ಲಾಗಳಲ್ಲಿಯೂ ಇದೇ ಆಳದ ಪಯಣ ಕಂಡುಬಂದಿದೆ. ರೀಸಸ್ ಮತ್ತು ಬಬೂನ್‌ಗಳಲ್ಲಿ ಅದು ಬಹುಮಟ್ಟಿಗೆ ನಾಳಗಳ ಒಳಮಾರ್ಗದಲ್ಲಿಯೇ ನಡೆದು ಮೇಲ್ಪದರದಲ್ಲಿ ಮುಗಿಯುತ್ತದೆ. ಈ ಆಳದ ಕೆಲಸ ಅರ್ಧಕ್ಕೆ ನಿಂತ ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಆದುದರಿಂದ ಆ ಕಾಯಿಲೆಯ ಮೂಲವನ್ನು ರೀಸಸ್ ಕೋತಿಯಲ್ಲಿ ಹುಡುಕುವವರು ಸಿಕ್ಕಿದ ಉತ್ತರವನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸುವಂತಿಲ್ಲ.